ಡೊಂಬಿವಲಿಯ ಸಂಡೇ ಸ್ಕೂಲ್

ಮುಂಬಯಿ ಕನ್ನಡಿಗರ ಬಗ್ಗೆ ಬರೆಯಹೊರಟವರೆಲ್ಲ ಮೊದಲು ಉಡುಪಿ ಹೋಟೆಲಿನಿಂದ ಶುರು ಮಾಡುತ್ತಾರೆ. ಆಮೇಲೆ ರಾತ್ರಿ ಶಾಲೆ, ಯಕ್ಷಗಾನ, ಶನಿಪೂಜೆ, ಭಜನಾ ಮಂಡಳಿ, ಜಾತಿ ಸಂಘಗಳ ವಾರ್ಷಿಕೋತ್ಸವ. ಇವೆಲ್ಲ ಇರಬೇಕಾದದ್ದೇ. ನಾನೂ ಇವುಗಳ ನಡುವೆಯೇ ನಲವತ್ತು ವರ್ಷ ಕಳೆದವನು. ಆದರೆ ಈ ಪಟ್ಟಿಯಲ್ಲಿ ನಮ್ಮಂಥವರ ಹೆಸರು ಬರುವುದು ಕಡಿಮೆ. ಯಾರಾದರೂ ನನ್ನ ಹೆಸರು ಕೇಳಿ, "ಓ, ನೀವು ಮಂಗಳೂರಿನ ಕೊಂಕಣಿ ಕ್ರಿಶ್ಚನ್ನರಾ?" ಎನ್ನುತ್ತಾರೆ. ಅಲ್ಲ, ಮನೆಮಾತು ತುಳು ಎಂದರೆ ಹುಬ್ಬು ಮೇಲೇರುತ್ತದೆ. ಚರ್ಚಿನಲ್ಲಿ ಕನ್ನಡ ಎಂದರೆ ಮತ್ತೂ ಆಶ್ಚರ್ಯ. "ಹಾಗೂ ಉಂಟಾ?" ಎಂದು ಕೇಳಿದವರು ನಮ್ಮ ಊರಿನವರೇ!

ಹಾಗೂ ಉಂಟು. 1834ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್‌ನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆಯೇ ಬಂದ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. 1853ರಲ್ಲಿ ಬಂದ ಕಿಟ್ಟೆಲರ ಹೆಸರು ಗೊತ್ತಿಲ್ಲದ ಕನ್ನಡಿಗ ಇಲ್ಲ. 1894ರ ಅವರ ನಿಘಂಟು ನಮ್ಮಲ್ಲಿ ಅನೇಕರ ಮನೆಯಲ್ಲಿ ಇಲ್ಲದಿದ್ದರೂ ಮಾತಿನಲ್ಲಿ ಉಂಟು. ಈ ಜನ ಮಿಶನರಿಗಳು. ಯೇಸುವಿನ ಸುವಾರ್ತೆ ಸಾರಲಿಕ್ಕೆಂದೇ ಬಂದವರು. ಅದನ್ನು ಮುಚ್ಚಿಟ್ಟು ಬರೀ ಪತ್ರಿಕೆ, ನಿಘಂಟು, ಹಂಚಿನ ಕಾರ್ಖಾನೆ ಎಂದು ಹೊಗಳುವುದು ಅರ್ಧ ಲೆಕ್ಕ ತೋರಿಸಿದ ಹಾಗೆ. ಬ್ಯಾಂಕಿನಲ್ಲಿ ಇದ್ದವನಿಗೆ ಅರ್ಧ ಲೆಕ್ಕ ಕಂಡರೆ ಆಗುವುದಿಲ್ಲ.

ನನ್ನ ಮುತ್ತಜ್ಜ ಅವರ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಹೊಸ ಮತಕ್ಕೆ ಸೇರಿದವರನ್ನು ಕುಟುಂಬದಿಂದ ಹೊರಗೆ ಹಾಕುತ್ತಿದ್ದ ಕಾಲ. ಗದ್ದೆ ಹೋಯಿತು, ಬಾವಿ ಹೋಯಿತು, ನೆಂಟಸ್ತಿಕೆ ಹೋಯಿತು. ಹೊಟ್ಟೆಪಾಡಿಗೆ ಕೆಲಸ ಬೇಕಾಯಿತು. ಮುತ್ತಜ್ಜ ಯಾಕೆ ಸೇರಿದರು ಎಂದು ಮನೆಯಲ್ಲಿ ಎರಡು ಕಥೆ ಉಂಟು. ಒಂದು, ಜ್ವರದಲ್ಲಿ ಬಿದ್ದಾಗ ಪಾದ್ರಿಯೊಬ್ಬರು ಗುಡಿಸಲಿನೊಳಗೆ ಬಂದು ಮುಟ್ಟಿ ನೋಡಿದರು ಎಂಬುದು. ಇನ್ನೊಂದು, ಅವರಿಗೆ ಅಕ್ಷರ ಕಲಿಯುವ ಆಸೆ ಇತ್ತು ಎಂಬುದು. ಎರಡೂ ನಿಜ ಇರಬಹುದು. ಆ ಮೂರನೆಯ ತಲೆಮಾರಿನವರು ನಮ್ಮ ಅಪ್ಪ, ಪ್ರೈಮರಿ ಶಾಲೆಯ ಮೇಷ್ಟ್ರು. ನಾಲ್ಕನೆಯವನು ನಾನು, ಎಂ.ಕಾಂ. ಮುಗಿಸಿ 1982ರಲ್ಲಿ ಸಿಂಡಿಕೇಟ್ ಬ್ಯಾಂಕ್ ಸೇರಿದವನು.

1985ರಲ್ಲಿ ಮುಂಬಯಿಗೆ ವರ್ಗವಾಯಿತು. ಮೂರು ವರ್ಷ ಕಳೆದು ಊರಿಗೆ ಹೋಗಬಹುದು ಎಂದು ಬಂದವನು ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ ಕೊಂಡು ನಿಂತುಬಿಟ್ಟೆ. ಆಗ ದಾದರಿನಲ್ಲಿ ಕೊಳ್ಳಲು ಆಗದವರಿಗೆ ಮುಲುಂಡ್, ಮುಲುಂಡಿನಲ್ಲೂ ಆಗದವರಿಗೆ ಥಾಣೆ, ಅಲ್ಲೂ ಆಗದವರಿಗೆ ಡೊಂಬಿವಲಿ, ಕಲ್ಯಾಣ್. ಈಗ ಅದೇ ಜನರ ಮಕ್ಕಳು ಖಾರ್‌ಘರ್, ಐರೋಲಿ, ಉಲ್ವೆ ಎಂದು ಹರಡಿಕೊಂಡಿದ್ದಾರೆ. ನಾನು ಸೇರಿದ ಬ್ಯಾಂಕಿನ ಹೆಸರು ಕೂಡ 2020ರ ಏಪ್ರಿಲ್ 1ರಿಂದ ಇಲ್ಲ, ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾನು ಅದಕ್ಕೆ ಒಂದು ವರ್ಷ ಮೊದಲೇ ನಿವೃತ್ತನಾಗಿದ್ದೆ.

ನಿವೃತ್ತಿಯ ಮರುವಾರವೇ ನಮ್ಮ ಸಭಾಪಾಲಕರು, "ಇನ್ನು ನೀವು ಸಂಡೇ ಸ್ಕೂಲ್ ನೋಡಿಕೊಳ್ಳಬೇಕು" ಅಂದರು. ನಮ್ಮದು ಚಿಕ್ಕ ಕನ್ನಡ ಸಭೆ. ಸ್ವಂತ ಕಟ್ಟಡ ಇಲ್ಲ. ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಭಾನುವಾರ ಸಂಜೆ ಆರಾಧನೆ. ಅದಕ್ಕೆ ಮುಂಚೆ ಒಂದು ಗಂಟೆ ಮಕ್ಕಳಿಗೆ ಪಾಠ. ಹನ್ನೊಂದು ಮಕ್ಕಳು. ಅವರಲ್ಲಿ ಕನ್ನಡ ಓದಲು ಬರುವವರು ಮೂವರು. ಉಳಿದವರು ಮನೆಯಲ್ಲಿ ತುಳುವೋ ಧಾರವಾಡದ ಕನ್ನಡವೋ ಕೇಳುತ್ತಾರೆ, ಉತ್ತರ ಹಿಂದಿಯಲ್ಲಿ ಕೊಡುತ್ತಾರೆ, ಜಗಳ ಮರಾಠಿಯಲ್ಲಿ ಆಡುತ್ತಾರೆ.

ಮೊದಲ ತಿಂಗಳೇ ಒಂದು ಘಟನೆ. ಪಾಪ, ಕ್ಷಮೆ ಎಂದು ಪಾಠ ಮಾಡುತ್ತಿದ್ದೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಂಕಲ್, ಪಾಪ ಅಂದ್ರೆ ಅಯ್ಯೋ ಪಾಪ ಅಂತಾರಲ್ಲ, ಅದು ಅಲ್ವಾ? ನಮ್ಮಮ್ಮ ನಾಯಿಮರಿ ನೋಡಿದ್ರೆ ಪಾಪ ಅಂತಾಳೆ. ನಾಯಿಮರಿ ಏನ್ ತಪ್ಪು ಮಾಡಿದೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲೇ ಇಲ್ಲ. ತಪ್ಪಿಗೂ ಕರುಣೆಗೂ ಒಂದೇ ಶಬ್ದ ಇಟ್ಟುಕೊಂಡ ಭಾಷೆ ನಮ್ಮದು. ಮುಂದಿನ ಭಾನುವಾರ ಹೇಳಿದೆ: "ನೋಡು ಮಗಾ, ದೇವರು ನಮ್ಮ ಕೆಲಸ ನೋಡಿ ಪಾಪ ಅನ್ನುತ್ತಾನೆ, ನಮ್ಮನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಅನ್ನುವವನೇ ನಮ್ಮ ದೇವರು." ಹುಡುಗಿಗೆ ಒಪ್ಪಿಗೆಯಾಯಿತು. ನನ್ನ ಮಟ್ಟಿಗೆ ಅದು ಅರವತ್ತು ವರ್ಷಗಳಲ್ಲಿ ಕೇಳಿದ ಪ್ರಸಂಗಗಳಲ್ಲಿ ಇಲ್ಲದ ಪಾಠ, ಒಂದು ಮಗುವಿನ ಅರೆಬರೆ ಕನ್ನಡದಿಂದ ಬಂದದ್ದು.

ಕಿಟ್ಟೆಲರು ಇದನ್ನೇ ಮಾಡಿದ್ದಲ್ಲವೇ ಎಂದು ಆಮೇಲೆ ಅನಿಸಿತು. 1862ರಲ್ಲಿ ಅವರು 'ಕಥಾಮಾಲೆ' ಎಂಬ ಪುಸ್ತಕ ಬರೆದರು. ಯೇಸುವಿನ ಜೀವನವನ್ನು ಕನ್ನಡದ ಪದ್ಯದಲ್ಲಿ, ಇಲ್ಲಿಯ ಧಾಟಿಗೆ ಹೊಂದುವಂತೆ ಹೇಳಿದ ಪುಸ್ತಕ. ಬೇರೆಯವರ ಭಾಷೆಯನ್ನು ಕಲಿಯದೆ ಅವರಿಗೆ ದೇವರ ವಿಷಯ ಹೇಳುವುದು ಹೇಗೆ? ಕಲಿಯಲು ಕೂತರೆ ಒಂದು ಜೀವಮಾನ ಹೋಗುತ್ತದೆ. ಅವರದು ಹೋಯಿತು. ಭಾಷೆಯ ಕೆಲಸಕ್ಕೇ ಅಷ್ಟು ಸಮಯ ಕೊಟ್ಟದ್ದು ಮಿಶನ್ನಿನ ಕೆಲವರಿಗೆ ಹಿಡಿಸಲಿಲ್ಲ ಎಂದೂ ಓದಿದ್ದೇನೆ. ಪ್ರೀತಿ ಎಂದರೆ ಭಾವನೆ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಅದು ಶಬ್ದ ಶಬ್ದ ಬರೆದಿಟ್ಟುಕೊಂಡ ಚೀಟಿಗಳ ರಾಶಿ.

ಡೊಂಬಿವಲಿಯವರ ಅರ್ಧ ಆಯುಷ್ಯ ಲೋಕಲ್ ಟ್ರೈನಿನಲ್ಲಿ ಎಂದು ತಮಾಷೆ ಮಾಡುತ್ತಾರೆ. ನನ್ನದೂ ಹಾಗೇ. ಬೆಳಿಗ್ಗೆಯ ಫಾಸ್ಟ್ ಲೋಕಲಿನಲ್ಲಿ ನಮ್ಮ ಡಬ್ಬಿಯಲ್ಲಿ ಒಂದು ಭಜನಾ ಮಂಡಳಿ ಇತ್ತು. ಸೆಂಟ್ರಲ್ ಲೈನಿನಲ್ಲಿ ಓಡಾಡಿದವರಿಗೆ ಗೊತ್ತು. ಮೂರು ತಾಳ, ಒಂದು ಸಣ್ಣ ಡೋಲಕ್, ಕಲ್ಯಾಣಿನಿಂದ ಶುರುವಾದ ವಿಠ್ಠಲ ನಾಮ ದಾದರಿನವರೆಗೆ. ನಾನು ವರ್ಷಗಟ್ಟಲೆ ಅವರ ಪಕ್ಕ ನಿಂತು ತಾಳಕ್ಕೆ ತಲೆ ಆಡಿಸಿದವನು. ಒಂದು ದಿನ ಡೋಲಕ್ ನುಡಿಸುತ್ತಿದ್ದ ಹಿರಿಯರು, "ಅಣ್ಣಾ, ನೀವು ದಿನಾ ಕೇಳ್ತೀರಿ. ಇವತ್ತು ನಿಮ್ಮ ದೇವರ ಹಾಡು ಹೇಳಿ" ಎಂದರು. ನಮ್ಮ ಬಾಸೆಲ್ ಮಿಶನ್ನಿನ ಹಾಡುಗಳು ಜರ್ಮನ್ ರಾಗದವು, ಹಾರ್ಮೋನಿಯಂಗೆ ಸರಿ, ಡೋಲಕ್‌ಗೆ ಕೂಡುವುದಿಲ್ಲ. ಆಗ ನೆನಪಾದದ್ದು ನಾರಾಯಣ ವಾಮನ ಟಿಳಕರ ಒಂದು ಮರಾಠಿ ಅಭಂಗ, ಪಕ್ಕದ ಮರಾಠಿ ಚರ್ಚಿನಲ್ಲಿ ಕಲಿತದ್ದು. ಗಂಟಲು ಒಣಗಿತ್ತು. ಹಾಡಿದೆ. ಎರಡನೇ ಸಾಲಿಗೆ ಡೋಲಕ್ ಕೂಡಿಕೊಂಡಿತು, ಮೂರನೆಯದಕ್ಕೆ ಇಡೀ ಮಂಡಳಿ. ಹಾಡು ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಇದು ಯಾವ ಸಂತರದ್ದು?"

ಟಿಳಕರ ಕಥೆ ಕನ್ನಡಿಗರಿಗೆ ಅಷ್ಟು ಗೊತ್ತಿಲ್ಲ. ಅವರು 1861ರಲ್ಲಿ ರತ್ನಾಗಿರಿ ಕಡೆಯ ಚಿತ್ಪಾವನ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ ಬಾಲ್ಯದ ಶಾಲೆಯನ್ನು ನಮ್ಮ ಈ ಕಲ್ಯಾಣಿನಲ್ಲೇ ಕಲಿತವರು. ಒಮ್ಮೆ ರೈಲಿನಲ್ಲಿ ಹೋಗುವಾಗ ಅಪರಿಚಿತ ಬಿಳಿಯನೊಬ್ಬ ಮಾತಿಗೆ ಸಿಕ್ಕಿ, ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟು, ಎರಡು ವರ್ಷದೊಳಗೆ ನೀವು ಕ್ರೈಸ್ತರಾಗುತ್ತೀರಿ ಎಂದನಂತೆ. ಟಿಳಕರು ಓದಿದರು, ವಾದ ಮಾಡಿದರು, 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ತುಕಾರಾಮನೆಂಬ ಸೇತುವೆಯ ಮೇಲೆ ನಡೆದೇ ತಾನು ಕ್ರಿಸ್ತನ ಬಳಿ ಬಂದೆ ಎನ್ನುತ್ತಿದ್ದರು. ಹಿಂದೆ ಇದ್ದದ್ದನ್ನು ಹಳಿಯದೆ ಮುಂದೆ ಹೋದ ಮನುಷ್ಯ. ಅವರ ಹೆಂಡತಿ ಲಕ್ಷ್ಮೀಬಾಯಿ ಮಾತ್ರ ಗಂಡನ ಜತೆ ಹೋಗಲಿಲ್ಲ. ಕೆಲವು ವರ್ಷ ದೂರವೇ ಇದ್ದರು. ಆಮೇಲೆ ಜತೆಗೆ ಬಂದಾಗಲೂ ತನ್ನ ಮಡಿ, ತನ್ನ ಅಡಿಗೆ ಬೇರೆಯೇ. ಕೊನೆಗೆ ತಾನೇ ಯೋಚಿಸಿ, ತನ್ನ ಸಮಯಕ್ಕೆ ಆ ದಾರಿಗೆ ಬಂದರು. 1930ರ ದಶಕದಲ್ಲಿ ಬಂದ ಅವರ 'ಸ್ಮೃತಿಚಿತ್ರೆ' ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದು. ಗಂಡನ ನಂಬಿಕೆಯನ್ನೂ ಮರೆಗುಳಿತನವನ್ನೂ ಒಂದೇ ಉಸಿರಿನಲ್ಲಿ ನಗುತ್ತಾ ಹೇಳುವ ಪುಸ್ತಕ. ಮರಾಠಿ ಓದಲು ಬರುವವರು ಓದಬೇಕು.

ನಿವೃತ್ತಿಯಾದ ಮೇಲೆ ನಮ್ಮ ಮನೆಯಲ್ಲಿ ಬುಧವಾರ ಸಂಜೆ ಪ್ರಾರ್ಥನಾ ಕೂಟ ಶುರು ಮಾಡಿದೆವು. ಎಂಟೋ ಹತ್ತೋ ಜನ. ಒಂದು ಹಾಡು, ಸತ್ಯವೇದದ ಒಂದು ಭಾಗ, ಪ್ರಾರ್ಥನೆ, ಕೊನೆಗೆ ಚಹಾ ಮತ್ತು ನನ್ನ ಹೆಂಡತಿ ಮಾಡುವ ಗೋಳಿಬಜೆ. ಕೆಲವು ತಿಂಗಳು ಕಳೆದು ಸೊಸೈಟಿ ಮೀಟಿಂಗಿನಲ್ಲಿ ವಿಷಯ ಬಂತು. ಕೆಳಗಿನ ಮಹಡಿಯ ಒಬ್ಬರು ಎದ್ದು ನಿಂತು ಮರಾಠಿಯಲ್ಲಿ ಕೇಳಿದರು, "ಕಾಕಾ, ಬುಧವಾರ ನಿಮ್ಮ ಮನೆಯಲ್ಲಿ ಏನು ನಡೀತದೆ? ಧರ್ಮಾಂತರ ಅಲ್ಲ ತಾನೇ?" ಸಭೆಯಲ್ಲಿ ಗಪ್‌ಚುಪ್. ಮೂವತ್ತು ವರ್ಷ ಒಟ್ಟಿಗೆ ಗಣಪತಿ ಕೂರಿಸಿದವರು, ನನ್ನ ಕೈಯಲ್ಲಿ ಸೊಸೈಟಿಯ ಲೆಕ್ಕ ಬರೆಸಿದವರು. ಎಲ್ಲರೂ ನೆಲ ನೋಡುತ್ತಿದ್ದಾರೆ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ಉಡುಪಿ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ಊರಿನಿಂದ ಬರುತ್ತಿದ್ದ ಫೋನುಗಳು ನನಗೆ ನೆನಪಿದ್ದವು. ಕೂಟವನ್ನು ನಿಲ್ಲಿಸುತ್ತೇನೆ ಎಂದುಬಿಟ್ಟರೆ ಆ ಕ್ಷಣಕ್ಕೆ ಎಲ್ಲ ಸರಿಯಾಗುತ್ತಿತ್ತು. ನಾನು ಎದ್ದು ನಿಂತೆ. "ಪ್ರಾರ್ಥನೆ ಮಾಡುತ್ತೇವೆ. ಯೇಸುವಿನ ಮಾತು ಓದುತ್ತೇವೆ. ಕೇಳಬೇಕೆಂದು ಬಂದವರಿಗೆ ಹೇಳುತ್ತೇವೆ. ದುಡ್ಡು ಕೊಡುವುದಿಲ್ಲ, ಯಾರನ್ನೂ ಕರೆದು ಹೆದರಿಸುವುದಿಲ್ಲ. ಮುಂದಿನ ಬುಧವಾರದಿಂದ ಬಾಗಿಲು ತೆರೆದೇ ಇಡುತ್ತೇನೆ. ನೀವು ಬಂದು ಕೂತು ನೋಡಿ" ಎಂದೆ. ಕಾಲು ಸಣ್ಣಗೆ ನಡುಗುತ್ತಿತ್ತು, ಕುರ್ಚಿ ಹಿಡಿದುಕೊಂಡಿದ್ದೆ. ಕೇಳಿದವರು ಎರಡು ವಾರ ಬಂದು ಕೂತರು. ಎರಡನೇ ವಾರ ಗೋಳಿಬಜೆಯನ್ನು ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ಬರಲಿಲ್ಲ, ಪ್ರಶ್ನೆಯೂ ಬರಲಿಲ್ಲ. ಬಾಗಿಲು ಮಾತ್ರ ಈಗಲೂ ತೆರೆದೇ ಇರುತ್ತದೆ, ಸೊಳ್ಳೆ ಬಂದರೂ ಸರಿ.

ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಕೂತು ಓದಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. 1977ರಲ್ಲಿ ಸ್ಟಾನಿಸ್ಲಾಸ್ ಎಂಬ ಪಾದ್ರಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕು ಉಂಟು, ಆದರೆ ಇನ್ನೊಬ್ಬನನ್ನು ಮತಾಂತರ ಮಾಡುವುದು ಒಂದು ಹಕ್ಕಲ್ಲ ಎಂದಿತು. ಆ ತೀರ್ಪಿನ ಬಗ್ಗೆ ನಮ್ಮವರಲ್ಲಿ ಅನೇಕರಿಗೆ ಅಸಮಾಧಾನ ಉಂಟು. ವಕೀಲರ ವಾದ ವಕೀಲರಿಗೆ ಇರಲಿ. ನನ್ನ ನಂಬಿಕೆಯ ಪ್ರಕಾರವೂ ಮನುಷ್ಯನ ಮನಸ್ಸು ತಿರುಗಿಸುವುದು ನನ್ನ ಕೈಯಲ್ಲಿಲ್ಲ, ಅದು ದೇವರ ಕೆಲಸ. ಹೇಳುವುದಷ್ಟೇ ನನ್ನದು.

ತೆರೆದ ಬಾಗಿಲು ಎಂದಾಗ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳದ ಮಾಳದವರು. ಹುಟ್ಟಿದ್ದು 1858ರಲ್ಲಿ, ಘಟ್ಟದ ಗಂಗಾಮೂಲದಲ್ಲಿ. ಹಾಗಾಗಿ ಹೊರನಾಡಿಗೆ ಬಂದ ನಮ್ಮವರ ಪಟ್ಟಿಯಲ್ಲಿ ಅವರನ್ನೂ ಸೇರಿಸುವ ಆಸೆ ನನಗೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಹೋಯಿತು. ಅಲ್ಲಿ ಯಾರಿಗೂ ಧರ್ಮ ಬೋಧಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಆದರೆ ತನ್ನ ಕೋಣೆಯಲ್ಲಿ ತಾನು ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. 1893ರಲ್ಲಿ ದೊಡ್ಡ ಗಲಾಟೆಯಾಯಿತು. ಸಲಹಾ ಸಮಿತಿಯವರು ರಾಜೀನಾಮೆ ಕೊಟ್ಟರು, ಹಲವರು ತಮ್ಮ ಹೆಣ್ಣುಮಕ್ಕಳನ್ನು ವಾಪಸು ಕರೆದುಕೊಂಡು ಹೋದರು. ರಮಾಬಾಯಿ ಸಂಸ್ಥೆಯನ್ನೂ ಮುಚ್ಚಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಮುಂದೆ 1896-97ರ ಬರಗಾಲದಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾವಿನಲ್ಲಿ ಅನ್ನ, ಬಟ್ಟೆ, ಕೈಕೆಲಸ ಕೊಟ್ಟರು. ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಅನುವಾದಿಸುವ ಕೆಲಸವನ್ನು 1922ರಲ್ಲಿ ತೀರಿಕೊಳ್ಳುವವರೆಗೆ ಮಾಡಿದರು.

ಈಗ ಹೇಳುವ ವಿಷಯ 2022ರದ್ದು. ನಮ್ಮ ಕಟ್ಟಡದಲ್ಲಿ ನಾಲ್ಕೈದು ಮನೆಗಳಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು, ಕಲಬುರಗಿ ಕಡೆಯವರು. ಗಂಡ ಗಾರೆ ಕೆಲಸಕ್ಕೆ ಬಂದು ಬಿದ್ದು ಸತ್ತಿದ್ದ. ಕಲ್ಯಾಣ್ ಪೂರ್ವದ ಒಂದು ಚಾಳಿನಲ್ಲಿ ಮಗನ ಜತೆ ವಾಸ. ಹುಡುಗನಿಗೆ ಹದಿನಾಲ್ಕು ವರ್ಷ. ಎರಡು ತಿಂಗಳಿಂದ ಕೆಮ್ಮು, ಸಂಜೆ ಜ್ವರ. ಒಂದು ದಿನ ಬಾಗಿಲ ಬಳಿ ನಿಂತು ಕೇಳಿದರು. "ಅಣ್ಣಾರ, ನಿಮ್ಮ ದ್ಯಾವ್ರಿಗಿ ಕೂಡಿದ್ರ ಹುಡುಗಗ ಆರಾಮ ಆಗ್ತದಂತ ನಮ್ಮ ಚಾಳಿನಾಗ ಹೇಳ್ಯಾರ. ಖರೇ ಏನ್ರೀ?"

ಒಂದು ಕ್ಷಣ ಯೋಚಿಸಿ. ಸಾಲು ಸಾಲು ಪ್ರಸಂಗಗಳಲ್ಲಿ ನಾವು ಕಾಯುವ ಪ್ರಶ್ನೆ ಅದು. ತಾವಾಗಿ ಬಂದು ಕೇಳುತ್ತಿದ್ದಾರೆ. ಹೌದು ಎಂದರೆ ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ ಇಬ್ಬರು ಹೆಚ್ಚು. ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡಿದಳು. ನಾನು ಹೇಳಿದೆ: "ಅಮ್ಮಾ, ನಾವು ಅವನಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಅದಕ್ಕೆ ನೀವು ಎಲ್ಲಿಗೂ ಸೇರಬೇಕಾಗಿಲ್ಲ. ಮೊದಲು ಆಸ್ಪತ್ರೆಗೆ ಹೋಗೋಣ, ನಾಳೆ ಬೆಳಿಗ್ಗೆ ಎಂಟಕ್ಕೆ ಹೊರಡಿ."

ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಸರಕಾರಿ ಕೇಂದ್ರದಲ್ಲಿ ಮದ್ದು ಪುಕ್ಕಟೆ, ಆರು ತಿಂಗಳು ಬಿಡದೆ ನುಂಗಬೇಕು. ರೋಗಿಯ ಆಹಾರಕ್ಕೆಂದು ಆಗ ತಿಂಗಳಿಗೆ 500 ರೂಪಾಯಿ ಸರಕಾರದಿಂದ ನೇರ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಅವರಿಗೆ ಖಾತೆಯೇ ಇರಲಿಲ್ಲ. ಮೂವತ್ತೇಳು ವರ್ಷ ಬೇರೆಯವರ ಫಾರ್ಮ್ ತಪಾಸಣೆ ಮಾಡಿದವನು ಈಗ ಕೌಂಟರಿನ ಈಚೆ ಕೂತು ಜನಧನ ಖಾತೆಯ ಫಾರ್ಮ್ ತುಂಬಿದೆ. ಹೆಂಡತಿ ವಾರಕ್ಕೆ ಒಂದು ಡಜನ್ ಮೊಟ್ಟೆ, ಶೇಂಗಾ ಉಂಡೆ ಕಟ್ಟಿಕೊಡುತ್ತಿದ್ದಳು.

ಎರಡು ತಿಂಗಳಲ್ಲಿ ಹುಡುಗನ ಜ್ವರ ಬಿಟ್ಟಿತು, ತೂಕ ಏರಿತು. ಆಗ ಒಂದು ದಿನ ಅವರು ಖುಷಿಯಿಂದ ಬಂದು, "ಗುಳಿಗಿ ಬಿಡಿಸೀನ್ರಿ ಅಣ್ಣಾರ. ಇನ್ನ ನಂಬಿಕೀನ ಸಾಕು, ಗುಳಿಗಿ ನುಂಗಿದ್ರ ದ್ಯಾವ್ರ ಮ್ಯಾಲ ಸಂಶ ಪಟ್ಟಂಗ ಅಂತ ಪಾಸ್ಟರ್ ಹೇಳ್ಯಾರ" ಅಂದರು. ಚಾಳಿನ ಪಕ್ಕ ಒಂದು ಬಾಡಿಗೆ ಕೋಣೆಯಲ್ಲಿ ಪ್ರಾರ್ಥನೆ ನಡೆಸುವ ಯುವಕ ಅವರು. ಯಾವ ದೊಡ್ಡ ಸಭೆಗೂ ಸೇರಿದವರಲ್ಲ.

ಕ್ಷಯದ ಮದ್ದು ನಡುವೆ ಬಿಟ್ಟರೆ ಏನಾಗುತ್ತದೆ ಎಂದು ಕೇಂದ್ರದ ನರ್ಸ್ ನಮಗೆ ಚೆನ್ನಾಗಿ ತಿಳಿಸಿದ್ದರು. ರೋಗ ಮರಳಿ ಬರುತ್ತದೆ, ಆಗ ಮೊದಲಿನ ಮದ್ದಿಗೆ ಬಗ್ಗುವುದಿಲ್ಲ. ನಾನು ಅದೇ ಸಂಜೆ ಆ ಕೋಣೆಗೆ ಹೋದೆ. ಹೋಗುವ ದಾರಿಯಲ್ಲಿ ಅನಿಸಿತು, ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತದ್ದಕ್ಕಿಂತ ಇದು ಕಷ್ಟ. ಅಲ್ಲಿ ನನ್ನನ್ನು ಪ್ರಶ್ನಿಸಿದವರು ಹೊರಗಿನವರು. ಇಲ್ಲಿ ನಾನು ಪ್ರಶ್ನಿಸಬೇಕಾದವನು ನನ್ನದೇ ಕರ್ತನ ಹೆಸರು ಹೇಳುವವನು. ನಮ್ಮವರ ತಪ್ಪನ್ನು ಹೊರಗೆ ಹಾಕಿದರೆ ನಮ್ಮ ವಿರೋಧಿಗಳಿಗೆ ಅಸ್ತ್ರ ಕೊಟ್ಟಂತೆ ಎಂದು ಸಭೆಯ ಒಬ್ಬ ಹಿರಿಯರು ಫೋನಿನಲ್ಲಿ ಎಚ್ಚರಿಸಿದ್ದರು.

ಯುವಕನಿಗೆ ಮೂವತ್ತು ಇರಬಹುದು. ಮೋಸಗಾರನಲ್ಲ. ಗೋಡೆಗೆ ಒಂದು ಕ್ಯಾಲೆಂಡರ್, ಮೂಲೆಯಲ್ಲಿ ಒಂದು ಗಿಟಾರ್, ತನ್ನ ಊಟಕ್ಕೇ ತತ್ವಾರ. "ಅಂಕಲ್, ನಿಮಗೆ ನಂಬಿಕೆ ಇಲ್ಲ. ನಿಮ್ಮ ಹಳೇ ಸಭೆಗಳೆಲ್ಲ ತಣ್ಣಗಾಗಿವೆ" ಎಂದರು. ನಾನು ಸಿಟ್ಟು ನುಂಗಿಕೊಂಡೆ. "ತಮ್ಮಾ, ಲೂಕನು ಯಾವ ಕೆಲಸ ಮಾಡುತ್ತಿದ್ದ?" ಎಂದು ಕೇಳಿದೆ. "ಸುವಾರ್ತೆ ಬರೆದ." "ಅದಕ್ಕೆ ಮುಂಚೆ?" ಅವರು ಸುಮ್ಮನಾದರು. "ವೈದ್ಯ. ಪೌಲನು ಅವನನ್ನು ಪ್ರಿಯ ವೈದ್ಯ ಎಂದೇ ಕರೆದದ್ದು. ಅದೇ ಪೌಲ ತಿಮೊಥೆಯನಿಗೆ ಹೊಟ್ಟೆನೋವಿಗೆ ಪ್ರಾರ್ಥನೆ ಒಂದೇ ಸಾಕು ಎಂದು ಬರೆಯಲಿಲ್ಲ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ನೀವು ಪ್ರಾರ್ಥನೆ ಮಾಡಿ, ನಾನೂ ಮಾಡುತ್ತೇನೆ. ಆದರೆ ಆ ಹುಡುಗ ಸತ್ತರೆ ಆ ತಾಯಿ ನಿಮ್ಮನ್ನೂ ಕೇಳುವುದಿಲ್ಲ, ನನ್ನನ್ನೂ ಕೇಳುವುದಿಲ್ಲ. ಯೇಸುವನ್ನು ಕೇಳುತ್ತಾಳೆ." ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹೊರಡುವಾಗ ಅವರು ಬಾಗಿಲವರೆಗೂ ಬರಲಿಲ್ಲ. ಆದರೆ ಮಾರನೇ ದಿನ ಗುಳಿಗೆ ಮತ್ತೆ ಶುರುವಾಯಿತು, ಪಾಸ್ಟರೇ ಹೇಳಿ ಕಳಿಸಿದ್ದರಂತೆ. ನಡುವೆ ತಪ್ಪಿದ್ದು ನಾಲ್ಕು ದಿನ. ಹುಡುಗ ಕೋರ್ಸ್ ಮುಗಿಸಿದ, ಮುಗಿದ ಮೇಲಿನ ಪರೀಕ್ಷೆಯಲ್ಲಿ ರೋಗ ಇಲ್ಲ ಎಂದು ಬಂತು. ಈಗ ಐಟಿಐಯಲ್ಲಿ ಫಿಟ್ಟರ್ ಕಲಿಯುತ್ತಿದ್ದಾನೆ. ಒಂದು ವರ್ಷದ ಮೇಲೆ ಅದೇ ಯುವಕ ನನಗೆ ಫೋನ್ ಮಾಡಿ, ತನ್ನ ಸಭೆಯ ಇನ್ನೊಬ್ಬರಿಗೆ ಕೆಮ್ಮು, ಯಾವ ಕೇಂದ್ರಕ್ಕೆ ಹೋಗಬೇಕು ಎಂದು ಕೇಳಿದರು.

ಆ ತಾಯಿ ಕ್ರೈಸ್ತಳಾದಳೇ ಎಂದು ಕೇಳುವವರಿದ್ದಾರೆ. ಸೊಸೈಟಿಯವರೂ ಕೇಳಿದರು, ನಮ್ಮ ಸಭೆಯವರೂ ಕೇಳಿದರು, ಕಾರಣ ಬೇರೆ ಬೇರೆ. ಅವರು ವರ್ಷಕ್ಕೊಮ್ಮೆ ಊರಿನ ಶರಣಬಸವೇಶ್ವರ ಜಾತ್ರೆಗೆ ಹೋಗುತ್ತಾರೆ. ಬುಧವಾರ ಕೆಲಸ ಬೇಗ ಮುಗಿದರೆ ನಮ್ಮ ಹಾಲಿನಲ್ಲಿ ಕೂತು ಕಥೆ ಕೇಳುತ್ತಾರೆ. ಅದಕ್ಕಿಂತ ಹೆಚ್ಚು ನಾನು ಕೇಳಿಲ್ಲ. ಒಮ್ಮೆ ಸಮಾರ್ಯದ ಹೆಂಗಸಿನ ಕಥೆ ಓದಿದೆ. ಬಾವಿಗೆ ನೀರಿಗೆ ಬಂದವಳು, ಅಲ್ಲಿ ಯೇಸು ಕೂತಿದ್ದದ್ದು, ಮಾತುಕತೆ, ಕೊನೆಗೆ ಅವಳು ಕೊಡ ಬಿಟ್ಟು ಊರಿಗೆ ಓಡಿದ್ದು. ನಾನು ಜೀವಜಲ ಎಂದರೇನು ಎಂದು ವಿವರಿಸಲು ಹೊರಟಿದ್ದೆ. ಅವರು ನಡುವೆಯೇ ಕೇಳಿದರು, "ಕೊಡ ಅಲ್ಲೇ ಬಿಟ್ಟು ಹೋದ್ಳೇನ್ರೀ?" "ಹೌದು, ಹಾಗೇ ಬರೆದಿದೆ." ಟ್ಯಾಂಕರ್ ಬಂದಾಗ ಕೊಡ ಹಿಡಿದು ಗಂಟೆಗಟ್ಟಲೆ ನಿಲ್ಲುವ ಹೆಂಗಸು ಸ್ವಲ್ಪ ಹೊತ್ತು ಯೋಚಿಸಿದರು. "ನೀರಿಗಿ ಬಂದಾಕಿ ಕೊಡ ಬಿಟ್ಟು ಹೋಗ್ಬೇಕಂದ್ರ, ಅವನ ಮಾತಿನಾಗ ಏನೋ ಇರಬೇಕು ಬಿಡ್ರಿ." ನಾನು ವಿವರಣೆ ನಿಲ್ಲಿಸಿ ಪುಸ್ತಕ ಮುಚ್ಚಿದೆ.

ಧೈರ್ಯದ ವಿಷಯ ಬಂದಾಗ ಥಾಣೆಯ ಹೆಸರು ಕ್ರೈಸ್ತ ಚರಿತ್ರೆಯಲ್ಲಿ ತುಂಬ ಹಳೆಯದು. 1321ರಲ್ಲಿ ಚೀನಾಕ್ಕೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಥಾಣೆಯಲ್ಲಿ ಇಳಿದರು. ತೊಲೆಂತಿನೋದ ತೋಮಸ್ ಅವರಲ್ಲಿ ಹಿರಿಯ. ಇಲ್ಲಿ ಆಗಲೇ ಹದಿನೈದು ಮನೆ ನೆಸ್ಟೋರಿಯನ್ ಕ್ರೈಸ್ತರಿದ್ದರು. ಆ ಆತಿಥೇಯರ ಮನೆಯ ಗಂಡ ಹೆಂಡಿರ ಜಗಳವೊಂದು ಕಾಜಿಯ ಮುಂದೆ ಹೋಯಿತು, ಸಾಕ್ಷಿಗೆ ಸನ್ಯಾಸಿಗಳನ್ನು ಕರೆದರು, ಮಾತು ಧರ್ಮದ ವಾದಕ್ಕೆ ತಿರುಗಿತು, ನಾಲ್ವರೂ ಪ್ರಾಣ ಕೊಟ್ಟರು. ಅವರ ಬಗ್ಗೆ ಗೌರವ ಇಲ್ಲದಿಲ್ಲ. ಆದರೆ ನನ್ನ ಮನಸ್ಸು ಹೋಗುವುದು ಅವರ ಜತೆಗಾರ, ಡೊಮಿನಿಕನ್ ಪಂಥದ ಜೋರ್ಡಾನಸ್ ಕಡೆಗೆ. ಆ ದಿನ ಆತ ಥಾಣೆಯಲ್ಲಿರಲಿಲ್ಲ. ಸುದ್ದಿ ಕೇಳಿ ಬಂದು, ಹೆಣಗಳನ್ನು ಸೋಪಾರಾಕ್ಕೆ ಒಯ್ದು ಮಣ್ಣು ಮಾಡಿದ. ಆಮೇಲೆ ಓಡಿಹೋಗಲಿಲ್ಲ. ಭಾಷೆ ಗೊತ್ತಿಲ್ಲದ, ಪರಿಚಯ ಇಲ್ಲದ ಈ ಕರಾವಳಿಯಲ್ಲಿ ಒಬ್ಬನೇ ಉಳಿದು ಜನರಿಗೆ ಕಲಿಸಿದ, ಊರಿಗೆ ಕಾಗದ ಬರೆದು ಜತೆಗೆ ಜನ ಕಳಿಸಿ ಎಂದು ಕೇಳಿಕೊಂಡ. 1329ರಲ್ಲಿ ಅವನನ್ನು ಕೊಲ್ಲಂ ಬಿಷಪ್ ಮಾಡಿದರು. ಪರವೂರಿನಲ್ಲಿ ಒಂಟಿಯಾಗಿ ದಿನ ದೂಡಿದವರಿಗೆ ಅವನ ಕಷ್ಟ ಬೇಗ ಅರ್ಥವಾಗುತ್ತದೆ.

ಸಂಡೇ ಸ್ಕೂಲಿನಲ್ಲಿ ಒಳ್ಳೆಯ ಸಮಾರ್ಯದವನ ಕಥೆ ಬಂದಾಗ ನಾನು ಮಕ್ಕಳಿಗೆ 2005ರ ಜುಲೈ 26ರ ಮಳೆಯ ವಿಷಯ ಹೇಳುತ್ತೇನೆ. ಅವರಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಟ್ರೈನು ನಿಂತು, ನಾವು ಥಾಣೆಯಿಂದ ಡೊಂಬಿವಲಿಗೆ ನಡೆದು ಹೊರಟದ್ದು, ಕತ್ತಲೆಯಲ್ಲಿ ಮುಂಬ್ರಾ ಹತ್ತಿರ ಮುಸ್ಲಿಂ ಹುಡುಗರು ಹಗ್ಗ ಹಿಡಿದು ನಿಂತು ನಮ್ಮನ್ನು ನೀರು ದಾಟಿಸಿದ್ದು, ಒಬ್ಬ ಅಜ್ಜಿ ಕೊಟ್ಟ ಚಹಾ, ಪಾರ್ಲೆ ಬಿಸ್ಕತ್ತು. "ಹಾಗಾದ್ರೆ ಅಂಕಲ್, ಆ ಹುಡುಗರು ಸ್ವರ್ಗಕ್ಕೆ ಹೋಗ್ತಾರಾ?" ಎಂದು ಒಬ್ಬ ಕೇಳಿದ. ಯೇಸು ಆ ಕಥೆ ಮುಗಿಸಿ ಅದನ್ನು ಹೇಳಲಿಲ್ಲ, ನೀನೂ ಹೋಗಿ ಅದೇ ರೀತಿ ಮಾಡು ಎಂದಷ್ಟೇ ಅವರ ಮಾತಿನ ಅರ್ಥ ಎಂದು ಹೇಳಿದೆ. ಹುಡುಗನಿಗೆ ಪೂರ್ತಿ ತೃಪ್ತಿಯಾದಂತೆ ಕಾಣಲಿಲ್ಲ. ಮುಂದೆಯೂ ಕೇಳಲಿ.

ನಾನು ಕೆಲಸಕ್ಕೆ ಸೇರಿದಾಗ ಬ್ಯಾಂಕಿನ ಹಿರಿಯರು ಪಿಗ್ಮಿಯ ಕಥೆ ಹೇಳುತ್ತಿದ್ದರು. 1928ರಲ್ಲಿ ಉಡುಪಿಯಲ್ಲಿ ಶುರುವಾದ ಯೋಜನೆ. ಏಜೆಂಟ್ ದಿನಾ ಮನೆಬಾಗಿಲಿಗೆ ಹೋಗಬೇಕು, ಎರಡಾಣೆ ಕೊಟ್ಟರೂ ರಶೀದಿ ಬರೆಯಬೇಕು, ಇಲ್ಲ ಎಂದರೆ ನಗುತ್ತಾ ನಮಸ್ಕಾರ ಹೇಳಿ ನಾಳೆ ಬರಬೇಕು. ಒಂದು ಪೈಸೆ ಆಚೀಚೆಯಾದರೆ ಆ ಬೀದಿಯಲ್ಲಿ ಮತ್ತೆ ಮುಖ ತೋರಿಸುವಂತಿಲ್ಲ. ನಮ್ಮ ಹೊಸ ಸಂಡೇ ಸ್ಕೂಲ್ ಟೀಚರುಗಳಿಗೆ, ಇಬ್ಬರೂ ಐರೋಲಿಯ ಐಟಿ ಕಂಪೆನಿಗಳಲ್ಲಿ ದುಡಿಯುವ ಹುಡುಗಿಯರು, ನಾನು ಇದನ್ನೇ ಹೇಳಿಕೊಡುತ್ತಿದ್ದೇನೆ. ಅವರಿಗೆ ಪಿಗ್ಮಿ ಎಂದರೆ ಗೊತ್ತಿಲ್ಲ, ಆದರೆ ವಿಷಯ ಹಿಡಿದುಕೊಂಡಿದ್ದಾರೆ. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಕನ್ನಡದ ಹಾಡುಗಳನ್ನು ದೇವನಾಗರಿ ಅಕ್ಷರದಲ್ಲಿ ಬರೆದು ಕೊಡುವ ಉಪಾಯ ಅವರದ್ದೇ. ಇದುವರೆಗೆ ನಲವತ್ತು ಹಾಡು ಆಗಿವೆ. "ಳ" ಅಕ್ಷರ ಮರಾಠಿಯಲ್ಲೂ ಇರುವುದರಿಂದ ತೊಂದರೆ ಇಲ್ಲ. ಎಕಾರ, ಒಕಾರಗಳ ಹ್ರಸ್ವ ದೀರ್ಘಕ್ಕೆ ಏನು ಮಾಡುವುದು ಎಂಬುದರ ಮೇಲೆ ಈ ಭಾನುವಾರ ಚರ್ಚೆ ಇಟ್ಟುಕೊಂಡಿದ್ದೇವೆ.